ಮಾರ್ಲಾ ಹೊರಡುವ ಸರದಿ

ಬೆರಳಚ್ಚು ತೆಗೆಯುವ ಯಂತ್ರ ಎರಡನೇ ಸಲವೂ ಮಾರ್ಲಾ ಕುಚೆರಾಳನ್ನು ಒಪ್ಪಲಿಲ್ಲ. ಪೊಲೀಸ್ ಕಚೇರಿಯ ಹುಡುಗಿ ಅವಳ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿದಳು, ಒರೆಸಿದಳು, ಮಗ್ಗುಲು ತಿರುಗಿಸಿ ಮತ್ತೆ ಒತ್ತಿದಳು, ಕೊನೆಗೆ ಸೋತು ಕೈಬಿಟ್ಟಳು.

"ನಿಮ್ ಬೆರಳಲ್ಲಿ ಗೆರೆನೇ ಇಲ್ವಲ್ಲ. ಏನ್ ಕೆಲ್ಸ ಮಾಡ್ತೀರಿ?"

"ನರ್ಸು. ಇಪ್ಪತ್ತೇಳು ವರ್ಷದಿಂದ ಕೈ ತೊಳೀತಾ ಇದೀನಿ."

"ನರ್ಸುಗಳದ್ದೆಲ್ಲ ಇದೇ ಗೋಳು. ಒಂದೆರಡು ವಾರ ಕೈಗೆ ಚೆನ್ನಾಗಿ ಎಣ್ಣೆ ಹಚ್ಚಿ, ನೀರು ಮುಟ್ಬೇಡಿ. ಆಮೇಲೆ ಬನ್ನಿ, ನೋಡಣ."

ನೀರು ಮುಟ್ಟದ ನರ್ಸು ಎಲ್ಲಿಯಾದರೂ ಉಂಟೇ ಎಂದು ಕೇಳಬೇಕೆನ್ನಿಸಿತು. ಮಾರ್ಲಾ ಕೇಳಲಿಲ್ಲ. ಕೋಪ ಬಂದರೆ ಅವಳ ಬಾಯಿ ಮುಚ್ಚಿಕೊಳ್ಳುತ್ತದೆ, ಕೈ ಜೋರಾಗುತ್ತದೆ. ಅಂದು ಕಾರಿನ ಬಾಗಿಲು ಹಾಕಿದ ಸದ್ದಿಗೆ ಕಚೇರಿಯ ಮುಂದಿನ ಮರದಿಂದ ಹಕ್ಕಿಗಳೆದ್ದವು. ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋಗಿ, ಪಾಳಿ ಶುರುವಾಗುವ ಮೊದಲು ಮೊಣಕೈವರೆಗೂ ಕೈ ತೊಳೆದುಕೊಂಡಳು.

ಟ್ರಾವೆಲ್ ನರ್ಸ್ ಆಗುವುದೆಂದರೆ ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುವುದು ಎಂದು ಜಾಹೀರಾತು ನೋಡಿದವರು ತಿಳಿದಿರುತ್ತಾರೆ. ಎಲ್ಲೋ ಒಂದೂರಿನ ಆಸ್ಪತ್ರೆಗೆ ನರ್ಸುಗಳು ಸಾಲದಾಗುತ್ತಾರೆ, ಏಜೆನ್ಸಿಯವರು ಹದಿಮೂರು ವಾರಕ್ಕೆಂದು ಒಬ್ಬಳನ್ನು ಕಳಿಸುತ್ತಾರೆ, ಅದು ಮುಗಿದರೆ ಇನ್ನೊಂದೂರು. ಕೇಳಲು ಎಷ್ಟು ಸಲೀಸು. ಆದರೆ ಮಾರ್ಲಾಳ ಹಳೆಯ ಲೈಸೆನ್ಸು ನೆಬ್ರಾಸ್ಕಾದ ಗಡಿ ದಾಟಿದರೆ ಕವಡೆ ಕಿಮ್ಮತ್ತಿಲ್ಲದ್ದು. ಹಲವು ರಾಜ್ಯಗಳಲ್ಲಿ ನಡೆಯುವ ಹೊಸದಕ್ಕೆ ಬೆರಳಚ್ಚು ಬೇಕು, ಬೆರಳಿನಲ್ಲಿ ಅಚ್ಚಿಲ್ಲ. ಚಿಕ್ಕಂದಿನಲ್ಲಿ ಹಾಕಿಸಿಕೊಂಡ ದಡಾರದ ಲಸಿಕೆಗೆ ಸಾಕ್ಷಿ ಕೇಳಿದರು. ಹಾಕಿದ ಡಾಕ್ಟರು ತೀರಿಹೋಗಿ ಯಾವ ಕಾಲವಾಯಿತೋ, ಅವರ ಕ್ಲಿನಿಕ್ಕು ಈಗ ಟೈರ್ ಅಂಗಡಿ. ಸರಿ, ರಕ್ತ ಕೊಟ್ಟಳು. ಮುಖಗವಸು ಬಿಗಿಯಾಗಿ ಕೂರುತ್ತದೆಯೇ ಎಂದು ನೋಡಲು ತಲೆಗೆ ಚೀಲ ಹೊದಿಸಿ, ಒಳಗೆ ಕಹಿ ಮದ್ದು ಸಿಂಪಡಿಸಿ, ಜೋರಾಗಿ ಪಾಠ ಓದಿಸಿದರು. ನಿಂತ ಹೃದಯವನ್ನು ಮತ್ತೆ ಬಡಿಸುವ ಪರೀಕ್ಷೆಯನ್ನು ರಬ್ಬರ್ ಬೊಂಬೆಯ ಎದೆಯ ಮೇಲೆ ಹೊಸದಾಗಿ ಕೊಡಬೇಕಾಯಿತು. ಇಷ್ಟು ವರ್ಷ ನಿಜವಾದ ಮನುಷ್ಯರ ಎದೆ ಒತ್ತಿ ಬದುಕಿಸಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಇದೆಲ್ಲ ಐವತ್ತಮೂರರ ವಯಸ್ಸಿನಲ್ಲಿ, ಮಂಡಿನೋವು ಇಟ್ಟುಕೊಂಡು ಯಾಕೆ ಎಂದು ಊರೆಲ್ಲ ಕೇಳಿತು. ಹಾರ್ಲನ್ ಬೆಂಡ್ ರೈಲಿನ ಊರು. ಅಲ್ಲಿನ ಗಂಡಸರು ಹೋಗುತ್ತಾರೆ, ಬರುತ್ತಾರೆ, ಹೆಂಗಸರು ಇರುತ್ತಾರೆ. ಮಾರ್ಲಾಳ ಗಂಡ ವರ್ನ್ ಮೂವತ್ತೊಂದು ವರ್ಷ ಗೂಡ್ಸ್ ರೈಲು ಓಡಿಸಿದವನು. ಫೋನ್ ಬಂದರೆ ತುತ್ತು ಅರ್ಧಕ್ಕೆ ಬಿಟ್ಟು ಎದ್ದುಬಿಡಬೇಕು. ಅವನ ಚೀಲಕ್ಕೆ ಬಟ್ಟೆ, ರೇಜರು, ಗಸಗಸೆ ತುಂಬಿದ ಕೋಲಾಚೆ ಬನ್ನು ತುಂಬಿಟ್ಟಿರುವುದು ಮಾರ್ಲಾಳ ಕೆಲಸ. ಇನ್ನೊಂದು ರಾಜ್ಯದ ರೈಲ್ವೆ ವಸತಿಗೃಹದಿಂದ ಅವನು ಫೋನ್ ಮಾಡಿದರೆ ಪ್ರತಿಸಲವೂ ಒಂದೇ ಮಾತು: "ನೀನು ಊಟ ಮಾಡಿ ಮಲಕ್ಕೋ. ಯಾವಾಗ ಬರ್ತೀನೋ ನಂಗೂ ಗೊತ್ತಿಲ್ಲ." ಅವನು ಸುಳ್ಳೇನೂ ಹೇಳುತ್ತಿರಲಿಲ್ಲ, ವಾಪಸು ರೈಲು ಯಾವಾಗ ಸಿಗುತ್ತದೆಂದು ಆ ಕೆಲಸದಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮಕ್ಕಳಿಬ್ಬರಿಗೆ ಜ್ವರ ಬಂದಿದ್ದು, ನೆಲಮಾಳಿಗೆಗೆ ನೀರು ನುಗ್ಗಿದ್ದು, ಅವಳ ಅಪ್ಪ ಸತ್ತಿದ್ದು, ಎಲ್ಲ ಆ ಮಾತಿನ ಆಚೀಚೆಯಲ್ಲೇ ನಡೆದುಹೋಯಿತು. ವರ್ನ್ ನಿವೃತ್ತನಾದ ದಿನ ಮಾರ್ಲಾ ಕೇಕಿನ ತಟ್ಟೆ ಹಿಡಿದು ಅವನಿಗೆ ಹೇಳಿದಳು, "ಇನ್ ಮೇಲೆ ನನ್ ಸರದಿ. ನಾನು ಊರೂರಿಗೆ ಹೋಗ್ತೀನಿ, ನೀನು ಜೊತೇಲಿ ಬಾ."

"ಆಗ್ಲಿ ಅದಕ್ಕೇನಂತೆ," ಎಂದಿದ್ದ ವರ್ನ್. "ಒಂದು ಟ್ರೇಲರ್ ಮನೆ ತಗೊಂಡ್ಬಿಡಣ. ಹಾಸಿಗೆ ಒಲೆ ಎಲ್ಲ ಕಾರಿನ ಹಿಂದುಗಡೆನೇ ಬರುತ್ತೆ."

ಹಾಗೆ ಬಂದಿದ್ದು ಆ ಟ್ರೇಲರ್. ಹಳೆಯದು, ಬಿಳಿ ಬಣ್ಣದ್ದು, ಪಕ್ಕದಲ್ಲಿ ಕಂದು ಪಟ್ಟೆ. ಮನೆಯ ಮುಂದಿನ ಗ್ಯಾರೇಜಿನ ದಾರಿಯಲ್ಲಿ ನಿಂತಿತು. ನಿಂತೇ ಇತ್ತು.

ಮೊದಲನೇ ಕಾಂಟ್ರಾಕ್ಟು ಮಾಂಟಾನಾದಲ್ಲಿ, ಅಲ್ಲಿನ ತಾತ್ಕಾಲಿಕ ಲೈಸೆನ್ಸಿನ ಮೇಲೆ ಸಿಗುವ ಹಾಗಿದ್ದಾಗ ವರ್ನ್ ಟ್ರೇಲರಿನ ನೆಲ ಕಿತ್ತು ಹಾಕಿದ್ದ. ಒಂದು ಮೂಲೆ ಮೆತ್ತಗಾಗಿದೆ, ಹಾಗೇ ಬಿಟ್ಟರೆ ದಾರಿಯಲ್ಲಿ ಕಾಲು ಒಳಗೆ ಹೋಗುತ್ತದೆ ಎಂದ. ಏಜೆನ್ಸಿಯ ಹುಡುಗ ಬ್ರೈಸ್ ಓಮಾಹಾದಿಂದ ದಿನಾ ಫೋನ್ ಮಾಡಿ, ಜೇನು ಸುರಿಸಿ, ಕೊನೆಗೆ ಆ ಕೆಲಸವನ್ನು ಬೇರೆಯವರಿಗೆ ಕೊಟ್ಟ. ಅಂಥದ್ದೇ ಎರಡನೆಯದು ಬಂದಾಗ ನೆಲ ಸರಿಹೋಗಿತ್ತು, ಆದರೆ ಅಚ್ಚು ಬದಲಾಯಿಸಬೇಕೆಂದು ಚಕ್ರಗಳನ್ನು ಬಿಚ್ಚಿಟ್ಟಿದ್ದ. ಅದೂ ಹೋಯಿತು. ಮೂವತ್ತೊಂದು ವರ್ಷ ರೈಲು ಓಡಿಸಿದವನಿಗೆ ಚಕ್ರದ ವಿಷಯದಲ್ಲಿ ಹೆಂಡತಿ ಬುದ್ಧಿ ಹೇಳುವುದುಂಟೇ? ಮಾರ್ಲಾ ಪಾತ್ರೆಗಳನ್ನು ಮಾತ್ರ ಕುಕ್ಕಿ ಕುಕ್ಕಿ ಇಟ್ಟಳು.

ಆಸ್ಪತ್ರೆಯಲ್ಲಾದರೂ ತಯಾರಿ ನಿಲ್ಲಬಾರದೆಂದು ಅವಳು ಬೇರೊಂದು ದಾರಿ ಹಿಡಿದಳು. ಯಾವ ವಾರ್ಡಿನಲ್ಲಿ ಕೈ ಸಾಲದಿದ್ದರೂ ಅಲ್ಲಿಗೆ ತನ್ನನ್ನೇ ಕಳಿಸಿ ಎಂದು ಹೇಳಿಟ್ಟಳು. ಹೊರಗಿನಿಂದ ಬರುವ ನರ್ಸನ್ನು ಮೊದಲು ಅಲೆದಾಡಿಸುವುದು ಎಲ್ಲ ಆಸ್ಪತ್ರೆಗಳ ಪದ್ಧತಿ; ಆ ಅಲೆದಾಟ ಈಗಲೇ ರೂಢಿಯಾಗಲಿ ಎಂಬುದು ಅವಳ ಲೆಕ್ಕ. ಇಪ್ಪತ್ತೇಳು ವರ್ಷದ ಸೀನಿಯರ್ ಬಂದಳೆಂದು ಯಾರೂ ಚಾಪೆ ಹಾಸಲಿಲ್ಲ. ಹೃದ್ರೋಗದ ವಾರ್ಡಿನವರು ಇಡೀ ದಿನ ಗಂಟೆ ಒತ್ತುತ್ತಲೇ ಇರುವ ಅಜ್ಜನನ್ನೂ, ತೂಕಕ್ಕೆ ಇಬ್ಬರು ಸೇರಿ ಮಗ್ಗುಲು ಬದಲಿಸಬೇಕಾದವನನ್ನೂ ಅವಳ ಪಾಲಿಗೆ ಬರೆದಿಟ್ಟು, ತಾವು ಕಾಫಿ ಕುಡಿಯಲು ಕೂತರು.

"ಟ್ರಾವೆಲರ್ ಆಗೋಕ್ ಮುಂಚೆನೇ ಟ್ರಾವೆಲರ್ ಥರ ಒದೆ ತಿಂತಿದೀಯಲ್ಲೇ," ಎಂದು ನಕ್ಕಳು ಟ್ವಿಲಾ. ಟ್ವಿಲಾ ಮಾರ್ಲಾಳ ಸ್ವಂತ ವಾರ್ಡಿನ ಪಾಳಿ ಮುಖ್ಯಸ್ಥೆ, ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು.

"ಅವ್ರು ನಮ್ಮವ್ರೇ ಅಲ್ವಾ? ನಂಗೂ ಹಿಂಗ್ ಮಾಡೋದಾ?"

"ನೀನೇನ್ ಕಮ್ಮಿ ಮಾಡಿದೀಯಾ? ಹೋದ್ ವರ್ಷ ಟೆನೆಸಿಯಿಂದ ಒಬ್ಳು ಟ್ರಾವೆಲರ್ ಬಂದಿದ್ಲಲ್ಲ, ಮೊದಲನೇ ದಿನ ನೀನು ಅವಳಿಗೆ ಔಷಧಿ ರೂಮಿನ ಬೀಗದ ನಂಬರ್ ಕೊಡೋಕೇ ಮರ್ತಿದ್ದೆ."

"ನಿಜವಾಗ್ಲೂ ಮರ್ತಿದ್ದೆ ಕಣೇ."

"ಹೂಂ, ಹೂಂ. ನೋಡು, ಒಂದ್ ಮಾತ್ ಹೇಳ್ತೀನಿ ಕೇಳು. ಹೊಸ ಜಾಗದಲ್ಲಿ 'ನಮ್ ಆಸ್ಪತ್ರೇಲಿ ಹಿಂಗಲ್ಲ' ಅಂತ ಬಾಯ್ ತೆಗೀಬೇಡ. ಬಾತ್‌ರೂಮ್ ಎಲ್ಲಿ, ಯಾವ ಡಾಕ್ಟ್ರಿಗೆ ಫೋನ್ ಮಾಡಿದ್ರೆ ಉಗೀತಾನೆ, ಇಷ್ಟ್ ಕೇಳ್ಕೊಂಡು ಕೆಲ್ಸ ಶುರು ಮಾಡು. ಬೆರಳಚ್ಚು ಏನಾಯ್ತು?"

"ಇನ್ನೂ ಬಂದಿಲ್ಲ."

"ಹಂಗಾದ್ರೆ ನರ್ಸಿಂಗ್ ಯಾಕೆ, ಬ್ಯಾಂಕ್ ದೋಚು. ಯಾರಿಗೂ ಸಿಕ್ಕಿಹಾಕ್ಕೊಳಲ್ಲ."

ರಜೆ ಹಾಕಿ, ಹತ್ತಿಯ ಕೈಗವಸಿನೊಳಗೆ ಎಣ್ಣೆ ಸವರಿದ ಬೆರಳಿಟ್ಟುಕೊಂಡು ಮಲಗಿ, ಪಾತ್ರೆ ತೊಳೆಯುವುದನ್ನು ವರ್ನ್‌ಗೆ ಬಿಟ್ಟು, ಮೂರನೇ ಸಲ ಹೋದಾಗ ಅಂತೂ ಯಂತ್ರ ಕೃಪೆ ತೋರಿತು. ಹೊಸ ಲೈಸೆನ್ಸು ಬಂತು. ಕ್ರಿಸ್‌ಮಸ್ ಮುಗಿಯುತ್ತಿದ್ದಂತೆ ಬ್ರೈಸ್ ಫೋನ್ ಮಾಡಿದ.

"ಮಾರ್ಲಾ, ಈ ಸಲ ನಿಮಗೇ ಅಂತ ಹೊಲಿಸಿದ ಹಾಗಿದೆ ನೋಡಿ. ಅರಿಜೋನಾ. ಫೆಬ್ರವರಿ ಮೊದಲನೇ ಸೋಮವಾರ ಶುರು. ಬಿಸಿಲು, ಆಸ್ಪತ್ರೆ ಪಕ್ಕದಲ್ಲೇ ಟ್ರೇಲರ್ ನಿಲ್ಸೋ ಜಾಗ. ನಿಮ್ ಯಜಮಾನ್ರಿಗೂ ಹೇಳಿಮಾಡಿಸಿದ ಹಾಗಿರುತ್ತೆ."

ಮಾರ್ಲಾ ಫೋನಿನ ಮೇಲೆ ಅಂಗೈ ಮುಚ್ಚಿ ವರ್ನ್ ಕಡೆ ನೋಡಿದಳು. ಅವನು ಮೇಜಿನ ಮುಂದೆ ಕೂತು, ಮಾಂಸ ಹಾಕಿದ ಕಾಳಿನ ಸಾರಿಗೆ ದಾಲ್ಚಿನ್ನಿ ಬನ್ನು ಅದ್ದಿ ತಿನ್ನುತ್ತಿದ್ದ.

"ಟ್ರೇಲರ್ ರೆಡಿ ಇದೆಯಾ?"

"ಎಲ್ಲಾ ರೆಡಿ," ಎಂದ ತಲೆ ಎತ್ತದೆ. "ಇನ್ನೇನೂ ಬಾಕಿಯಿಲ್ಲ."

ಅವಳು ಒಪ್ಪಿಕೊಂಡಳು. ಆಸ್ಪತ್ರೆಗೆ ರಾಜೀನಾಮೆ ಕೊಟ್ಟಳು. ಇನ್ನು ಹಿಂದಕ್ಕೆ ಬರುವ ಹಾಗಿರಲಿಲ್ಲ. ಅವಳ ಜಾಗಕ್ಕೆ ಆಗಲೇ ಒಬ್ಬ ಟ್ರಾವೆಲ್ ನರ್ಸನ್ನು ಕರೆಸುವ ಮಾತು ನಡೆದಿತ್ತು.

ಜನವರಿಯ ಕೊನೆಗೆ, ಹೊರಡಲು ವಾರವಿದ್ದಾಗ, ಒಂದು ದಿನ ಹಿಮ ಕರಗಿ ಸೂರಿನಿಂದ ಹನಿಯುವಷ್ಟು ಬಿಸಿಲು ಬಂತು. ದಾರಿಗೆ ಬೀಳುವ ಮೊದಲು ಒಮ್ಮೆ ಎಲ್ಲ ನೋಡಿಬಿಡೋಣವೆಂದು ಮಾರ್ಲಾ ಟ್ರೇಲರಿಗೆ ನೀರಿನ ಪೈಪು ಸಿಕ್ಕಿಸಿ ನಲ್ಲಿ ತಿರುಗಿಸಿದಳು. ಮೊದಲು ಎಲ್ಲೋ ಕೊರ್ ಕೊರ್ ಎಂದಿತು. ಆಮೇಲೆ ಸಿಂಕಿನ ಕೆಳಗಿನಿಂದ, ಸ್ನಾನದ ಗೋಡೆಯ ಹಿಂದಿನಿಂದ, ಹಾಸಿಗೆಯ ಅಡಿಯಿಂದ, ಎಲ್ಲೆಲ್ಲಿ ಪೈಪಿದೆಯೋ ಅಲ್ಲೆಲ್ಲ ನೀರು ಚಿಮ್ಮಿತು. ವರ್ನ್ ಅಷ್ಟು ಮುತುವರ್ಜಿಯಿಂದ ಹಾಕಿದ ಹೊಸ ನೆಲದ ಮೇಲೆ ನೀರು ಬಾಗಿಲವರೆಗೂ ಹರಿದುಬಂತು. ಚಳಿಗೆ ಒಳಗಿನ ನೀರು ಗಡ್ಡೆಗಟ್ಟಿ ಪೈಪುಗಳೆಲ್ಲ ಸೀಳಿಹೋಗಿದ್ದವು.

ನಲ್ಲಿ ನಿಲ್ಲಿಸಿ, ಬಟ್ಟೆ ತರಲೆಂದು ಅವಳು ಗ್ಯಾರೇಜಿಗೆ ಓಡಿದಳು. ಹಳೆಯ ಟವೆಲುಗಳ ಪಕ್ಕದಲ್ಲಿ, ಕಪಾಟಿನ ಮೇಲೆ, ಗುಲಾಬಿ ಬಣ್ಣದ ಮದ್ದಿನ ಕ್ಯಾನುಗಳು ಸಾಲಾಗಿ ನಿಂತಿದ್ದವು. ಒಂದರ ಮುಚ್ಚಳವೂ ಒಡೆದಿರಲಿಲ್ಲ.

ಟ್ರೇಲರ್ ಇರುವ ಯಾವ ಮನೆಯಲ್ಲೂ ಅಕ್ಟೋಬರ್ ತಿಂಗಳಲ್ಲಿ ನಡೆಯುವ ಕೆಲಸ ಅದು. ಒಳಗಿನ ನೀರನ್ನೆಲ್ಲ ಬಸಿದು, ಪೈಪುಗಳಿಗೆ ಆ ಗುಲಾಬಿ ಮದ್ದು ತುಂಬಬೇಕು, ಅದು ಹೆಪ್ಪುಗಟ್ಟುವುದಿಲ್ಲ. ಹಾರ್ಲನ್ ಬೆಂಡಿನ ಮಕ್ಕಳಿಗೂ ಗೊತ್ತಿರುವ ಸಂಗತಿ. ಕಳೆದ ಅಕ್ಟೋಬರಿನ ಒಂದು ಶನಿವಾರ ವರ್ನ್ ಬೀದಿಯವರ ಟ್ರೇಲರುಗಳಿಗೆಲ್ಲ ತಾನೇ ಮದ್ದು ತುಂಬಿಕೊಟ್ಟು, ಅವರು ಕೊಟ್ಟ ಬಿಯರ್ ಕುಡಿದು, ಕೆಂಪು ಮೂತಿ ಮಾಡಿಕೊಂಡು ಮನೆಗೆ ಬಂದಿದ್ದು ಅವಳಿಗೆ ನೆನಪಾಯಿತು. ನಮ್ಮದೂ ಆಯಿತಾ ಎಂದು ಅವಳು ಕೇಳಿಯೇ ಇರಲಿಲ್ಲ. ಚರ್ಚಿಗೆ ಹೊರಡುವಾಗ ಒಲೆ ಆರಿಸಿದೆಯೇ ಎಂದು ಮೂರು ಸಲ ಒಳಗೆ ಹೋಗಿ ಬರುವ ಮನುಷ್ಯನನ್ನು ಅದನ್ನೆಲ್ಲ ಕೇಳುತ್ತಾರೆಯೇ?

ಅವಳು ಒಂದು ಕ್ಯಾನು ಎತ್ತಿಕೊಂಡು ಟ್ರೇಲರಿಗೆ ಬಂದಳು. ವರ್ನ್ ಅಷ್ಟರಲ್ಲಿ ಬಂದು, ಒದ್ದೆ ನೆಲದ ಮೇಲೆ ಮೊಣಕಾಲೂರಿ ಸಿಂಕಿನ ಕೆಳಗೆ ತಲೆ ತೂರಿಸಿದ್ದ. ಮಾರ್ಲಾ ಕ್ಯಾನನ್ನು ಅವನ ಪಕ್ಕದಲ್ಲಿ ಕುಕ್ಕಿದಳು. ಅವನು ತಲೆ ಹೊರಗೆ ತೆಗೆದು ಅದನ್ನು ನೋಡಿದ.

"ಮರ್ತೆ," ಎಂದ.

"ನೀನಾ?"

"ವಯಸ್ಸಾಯ್ತಲ್ಲ."

"ಪಕ್ಕದ್ ಮನೆ ಡೆಲ್ಮರ್ ಟ್ರೇಲರ್‌ದು ಮರೀಲಿಲ್ಲ. ಎದುರು ಮನೆಯವರದ್ದು ಮರೀಲಿಲ್ಲ. ನಮ್ ಮನೆ ಮುಂದೆ ನಿಂತಿರೋದು ಮಾತ್ರ ಮರ್ತೆ. ಮರೀಲಿಲ್ಲ ಅಂತ ಹೇಳು ವರ್ನ್. ಅಷ್ಟ್ ಹೇಳ್ಬಿಡು, ಸಾಕು."

ವರ್ನ್ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿದ, ಮತ್ತೆ ಒರೆಸಿದ.

"ಮರೀಲಿಲ್ಲ," ಎಂದ ಕೊನೆಗೆ. "ಎರಡ್ ಮೂರ್ ಸಲ ಆ ಕ್ಯಾನ್ ಎತ್ಕೊಂಡೆ. ಇದೊಂದ್ ಹಾಕಿದ್ರೆ ಎಲ್ಲಾ ಮುಗೀತು, ಹೊರಡಲೇಬೇಕು ಅನ್ನಿಸ್ತು. ವಾಪಸ್ ಇಟ್ಟೆ."

"ನೆಲ? ಅಚ್ಚು?"

"ನೆಲ ನಿಜವಾಗ್ಲೂ ಮೆತ್ತಗಾಗಿತ್ತು."

"ಅಚ್ಚು?"

ಅವನು ಸಿಂಕಿನ ಕೆಳಗಿನಿಂದ ಸೀಳಿದ ಪೈಪಿನ ತುಂಡೊಂದನ್ನು ಎಳೆದು ತೆಗೆದ.

ಮಾರ್ಲಾ ಸಿಂಕಿನ ಕೆಳಗಿನ ಬಾಗಿಲನ್ನು ದಡ್ಡನೆ ಮುಚ್ಚಿದಳು. ಎರಡು ವರ್ಷ. ಎಣ್ಣೆ ಹಚ್ಚಿಕೊಂಡ ಬೆರಳು, ತಲೆಗೆ ಹೊದಿಸಿದ ಚೀಲ, ಹೃದ್ರೋಗದ ವಾರ್ಡಿನ ಬೆನ್ನುನೋವು. ಅಷ್ಟೂ ಹೊತ್ತು ಈ ಮನುಷ್ಯ ತನ್ನ ಕಣ್ಣೆದುರೇ ಸ್ಪ್ಯಾನರ್ ಹಿಡಿದು ಬಿಚ್ಚುತ್ತಾ ಕೂತಿದ್ದ. ಅವಳೇ ಅವನಿಗೆ ಕಾಫಿ ತಂದುಕೊಟ್ಟಿದ್ದಳು.

"ಬಾಯ್ ಬಿಟ್ಟು ಹೇಳ್ಬೋದಿತ್ತಲ್ಲ, ಬರಲ್ಲ ಅಂತ."

"ಹೇಳಿದ್ರೆ ನೀನು ಹೋಗ್ತಿರ್ಲಿಲ್ಲ. ಆಮೇಲೆ ಸಾಯೋವರೆಗೂ ನನ್ ಮುಖ ನೋಡಿದಾಗೆಲ್ಲ ಇವನಿಂದ ಹೋಗ್ಲಿಲ್ಲ ಅಂತಿದ್ದೆ. ಟ್ರೇಲರ್ ಕೆಟ್ಟೋಯ್ತು ಅಂದ್ರೆ ಯಾರ್ ತಪ್ಪೂ ಅಲ್ಲ." ಅವನು ಪೈಪಿನ ತುಂಡನ್ನು ಕೈಯಲ್ಲಿ ತಿರುಗಿಸಿದ. "ಮೂವತ್ತೊಂದು ವರ್ಷ ಯಾರ್ಯಾರೋ ಮಲಗಿದ ಹಾಸಿಗೇಲಿ ಮಲಗಿದೀನಿ ಮಾರ್ಲಾ. ಇನ್ನೊಂದೂರಿನ ಪಾರ್ಕಿಂಗ್ ಜಾಗ ನನ್ ಕೈಲಾಗಲ್ಲ. ನಂಗೆ ಆ ಅಡುಗೆಮನೆ, ಆ ಕುರ್ಚಿ, ಅಷ್ಟಿದ್ರೆ ಸಾಕು."

"ನಾನು ಮೂವತ್ತೊಂದು ವರ್ಷ ಆ ಅಡುಗೆಮನೇಲೇ ಇದ್ದೆ."

ಅವಳು ಅಲ್ಲೇ, ಒದ್ದೆ ಮೆಟ್ಟಿಲ ಮೇಲೆ ಕೂತು, ಬ್ರೈಸ್‌ಗೆ ಫೋನ್ ಮಾಡಿದಳು.

"ಟ್ರೇಲರ್ ಬರಲ್ಲ. ನಂಗೊಂದು ರೂಮು ನೋಡಪ್ಪಾ. ಒಬ್ಬಳಿಗೆ."

"ಓ. ಮತ್ತೆ ಯಜಮಾನ್ರು? ನೋಡಿ ಮಾರ್ಲಾ, ಟ್ರೇಲರ್ ರಿಪೇರಿಗೆ ಅಂತ ಶುರುವಾಗೋ ದಿನ ಮುಂದಕ್ಕೆ ಹಾಕೋಕಂತೂ—"

"ಅವ್ರು ನರ್ಸ್ ಬೇಕು ಅಂದ್ರಾ, ಟ್ರೇಲರ್ ಬೇಕು ಅಂದ್ರಾ?"

ಬ್ರೈಸ್ ತನ್ನ ಪಟ್ಟಿ ಹುಡುಕಿ, ಅಲ್ಲೊಬ್ಬ ಹೆಂಗಸು ಮನೆಯ ಹಿಂದಿನ ಕೋಣೆಯನ್ನು ನರ್ಸುಗಳಿಗೆ ಕೊಡುತ್ತಾಳೆ, ಸಂಜೆಯೊಳಗೆ ತಿಳಿಸುತ್ತೇನೆ ಎಂದ. ಅಷ್ಟೇ ಆಗಿದ್ದು. ಒಂದು ಫೋನಿಗೆ ಮುಗಿಯುವ ಕೆಲಸವಾಗಿತ್ತು ಇದು. ಎರಡು ವರ್ಷದಲ್ಲಿ ಯಾವತ್ತು ಬೇಕಾದರೂ ಮಾಡಬಹುದಿತ್ತು. ಒಬ್ಬಳೇ ಹೋಗಬಹುದು ಎಂಬುದು ತನಗೇಕೆ ಹೊಳೆಯಲಿಲ್ಲ ಎಂದು ಮಾರ್ಲಾಳಿಗೆ ವರ್ನ್ ಮೇಲಿದ್ದಷ್ಟೇ ಸಿಟ್ಟು ತನ್ನ ಮೇಲೂ ಬಂತು. ಅವನು ಹೊರಡುವಾಗಲಂತೂ ಒಮ್ಮೆಯೂ ಅವಳನ್ನು ಜೊತೆಗೆ ಕರೆದಿರಲಿಲ್ಲ.

ಟ್ವಿಲಾ ವಾರ್ಡಿನವರಿಂದ ಒಂದೊಂದು ತಿಂಡಿ ತರಿಸಿ ಬೀಳ್ಕೊಟ್ಟಳು. ಕೇಕಿನ ಮೇಲೆ ಸಕ್ಕರೆಯಲ್ಲಿ 'ದ್ರೋಹಿ' ಎಂದು ಬರೆಸಿದ್ದಳು.

"ಹೋಗ್ ಹೋಗು. ನಮ್ಮಲ್ಲಿಗೇ ಟ್ರಾವೆಲರ್ ಆಗಿ ಬಂದ್ರೆ ಆ ಗಂಟೆ ಒತ್ತೋ ಅಜ್ಜನ್ನ ನಿಂಗೇ ಎತ್ತಿಟ್ಟಿರ್ತೀನಿ," ಎಂದು ಹೇಳಿ, ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡು ತಟ್ಟೆಗಳನ್ನು ಜೋಡಿಸತೊಡಗಿದಳು.

ಹೊರಡುವ ಹಿಂದಿನ ದಿನ ವರ್ನ್ ಮಾಳಿಗೆಯಿಂದ ತನ್ನ ಹಳೆಯ ರೈಲ್ವೆ ಚೀಲ ಇಳಿಸಿಕೊಂಡು ಬಂದ. ಧೂಳು ಒರೆಸಿ, ಹಿಡಿಗೆ ಹೊಸ ದಾರ ಹಾಕಿದ್ದ. "ಇದು ಗಟ್ಟಿ ಇದೆ. ತಗೊಂಡ್ ಹೋಗು."

"ಬೇಡ," ಎಂದಳು ಮಾರ್ಲಾ. "ಅದನ್ನ ತುಂಬಿ ತುಂಬಿ ಸಾಕಾಗಿದೆ. ಅದರ ಮುಖ ನೋಡೋಕೂ ನಂಗಿಷ್ಟ ಇಲ್ಲ."

ಅವನು ಚೀಲ ಹಿಡಿದುಕೊಂಡು ನಿಂತೇ ಇದ್ದ. ಅವಳಿಗೆ ಅಯ್ಯೋ ಅನ್ನಿಸಿತು. ಅನ್ನಿಸಿದರೂ ತೆಗೆದುಕೊಳ್ಳಲಿಲ್ಲ. ಬಟ್ಟೆಗಳನ್ನು ಮಗಳ ಕಾಲೇಜಿನ ಹಳೆಯ ಸೂಟ್‌ಕೇಸಿಗೆ ತುಂಬಿ, ಸಾರು ಮಾಡಿ ಡಬ್ಬಿಗಳಲ್ಲಿ ಫ್ರೀಜರಿಗಿಟ್ಟು, ಬೆಳಿಗ್ಗೆ ಕಾರು ಹಿಂದಕ್ಕೆ ತೆಗೆದಳು. ಟ್ರೇಲರ್ ಅಡ್ಡ ನಿಂತಿದ್ದರಿಂದ ಹುಲ್ಲಿನ ಮೇಲೆ ಹತ್ತಿಸಿ ಸುತ್ತು ಹಾಕಿ ಹೋಗಬೇಕಾಯಿತು.

ಅರಿಜೋನಾದ ಆಸ್ಪತ್ರೆಯಲ್ಲಿ ಮೊದಲ ದಿನವೇ ಅವಳನ್ನು ಬೇರೆ ವಾರ್ಡಿಗೆ ಅಟ್ಟಿದರು. ಔಷಧಿ ಕೋಣೆಯ ಬೀಗದ ನಂಬರನ್ನು ಯಾರೂ ಹೇಳಲಿಲ್ಲ. ಮಧ್ಯಾಹ್ನದವರೆಗೂ ಪ್ರತಿಸಲ ಯಾರನ್ನಾದರೂ ಕರೆದು ಬಾಗಿಲು ತೆಗೆಸಿಕೊಂಡಳು. ಊಟವನ್ನು ಕಾರಿನಲ್ಲಿ ಕೂತು ಮಾಡಿದಳು. ಆದರೂ ಪಾಳಿ ಮುಗಿಯುವ ಹೊತ್ತಿಗೆ ಅವಳ ರೋಗಿಗಳೆಲ್ಲರೂ ತೊಳೆದು ಒರೆಸಿ ನೆಟ್ಟಗೆ ಮಲಗಿದ್ದರು, ಮತ್ತು ಯಾವ ಡಾಕ್ಟರು ಉಗಿಯುತ್ತಾನೆ ಎಂಬುದು ಗೊತ್ತಾಗಿತ್ತು. ಬಾಡಿಗೆ ಕೋಣೆಗೆ ಬಂದು ಬೂಟು ಬಿಚ್ಚುವಾಗ ಕಿಟಕಿಯಾಚೆ ಇನ್ನೂ ಸಂಜೆಯ ಬೆಳಕಿತ್ತು. ಫೋನು ಬಡಿದುಕೊಂಡಿತು.

"ಆ ಸಾರು ಎಷ್ಟೊತ್ತು ಬಿಸಿ ಮಾಡ್ಬೇಕು?" ಎಂದ ವರ್ನ್.

"ಕುದಿ ಬರೋವರೆಗೆ. ಮಧ್ಯ ಮಧ್ಯ ಕೈಯಾಡಿಸು, ತಳ ಹಿಡಿಯುತ್ತೆ."

"ಹೂಂ." ಅವನು ಫೋನ್ ಇಡಲಿಲ್ಲ. ಹಿನ್ನೆಲೆಯಲ್ಲಿ ಸ್ಟೇಷನ್ ಯಾರ್ಡಿನ ಸದ್ದು ಸಣ್ಣಗೆ ಕೇಳುತ್ತಿತ್ತು. "ಒಂದ್ ಮಾತ್ ಕೇಳ್ಲಾ? ನಾನು ರೈಲ್ ಮೇಲೆ ಹೋಗ್ತಿದ್ದಾಗ, ಮಕ್ಕಳು ದೊಡ್ಡೋರಾಗಿ ಹೋದ್ಮೇಲೆ, ಈ ಹೊತ್ತಲ್ಲಿ ನೀನು ಇಲ್ಲೇನ್ ಮಾಡ್ತಿದ್ದೆ?"

"ಸಿಂಕ್ ಮುಂದೆ ನಿಂತಿರ್ತಿದ್ದೆ."

"ಏನ್ ತೊಳೀತಾ?"

"ಏನೂ ಇಲ್ಲ. ಆ ಕಿಟಕೀಲಿ ಬೀದಿ ಮೂಲೆಯಿಂದ ಕಾರಿನ ದೀಪ ತಿರುಗೋದು ಕಾಣುತ್ತೆ."

ಅತ್ತಲಿಂದ ಕುರ್ಚಿ ಸರಿದ ಸದ್ದು, ನಾಲ್ಕು ಹೆಜ್ಜೆ.

"ಹೌದು," ಎಂದ ವರ್ನ್ ಕೊನೆಗೆ. "ಕಾಣುತ್ತೆ." ಆಮೇಲೆ, "ಯಾವಾಗ ಬರ್ತೀಯ?" ಎಂದ.

"ನೀನು ಊಟ ಮಾಡಿ ಮಲಕ್ಕೋ," ಎಂದಳು ಮಾರ್ಲಾ. "ಯಾವಾಗ ಬರ್ತೀನೋ ನಂಗೂ ಗೊತ್ತಿಲ್ಲ."

ಹದಿಮೂರು ವಾರ ಎಂಬುದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು.